ಗುಡ್ಡೆಯ ಕೇಪುಳವೂ ಅಂಗಳದ ಚಟ್ಟಿಯೂ

ಏಪ್ರಿಲ್ ತಿಂಗಳಿನ ನಡುಹಗಲಿನಲ್ಲಿ ಉಡುಪಿಯ ಸುತ್ತಣ ಮುರಕಲ್ಲಿನ ಗುಡ್ಡೆಗಳ ಮೇಲೆ ಹಸುರೆಂಬುದು ಬಹುಮಟ್ಟಿಗೆ ಮಾಯವಾಗಿರುತ್ತದೆ. ಮಳೆಗಾಲದಲ್ಲಿ ಸೊಂಪಾಗಿ ಬೆಳೆದಿದ್ದ ಮುಳಿಹುಲ್ಲು ಒಣಗಿ ಬೂದುಬಣ್ಣವನ್ನು ತಾಳಿರುತ್ತದೆ. ಕಾದ ಪಾದೆಯ ಮೇಲೆ ಬರಿಗಾಲಿನಲ್ಲಿ ನಿಲ್ಲುವುದು ಕಷ್ಟ. ತಿಂಗಳುಗಳಿಂದ ಹೇಳಿಕೊಳ್ಳುವಂತಹ ಮಳೆ ಬಿದ್ದಿರುವುದಿಲ್ಲ. ಇಂತಹ ನೆಲದ ಬಿರುಕೊಂದರಿಂದ ಮೊಣಕಾಲೆತ್ತರದ ಪೊದೆಯೊಂದು ಎದ್ದು, ಕಡುಹಸುರಾದ ದಪ್ಪ ಎಲೆಗಳ ನಡುವೆ ಕೆಂಡದುಂಡೆಗಳಂತಹ ಹೂಗೊಂಚಲುಗಳನ್ನು ಹೊತ್ತು ನಿಂತಿರುತ್ತದೆ. ಅದಕ್ಕೆ ನೀರೆರೆದವರಿಲ್ಲ, ಗೊಬ್ಬರ ಹಾಕಿದವರೂ ಇಲ್ಲ. ಅದೇ ಗಿಡವನ್ನು, ಅಥವಾ ಅದರ ಗೇಣುದ್ದದ ಉದ್ಯಾನ ತಳಿಯನ್ನು, ಕಾಸು ಕೊಟ್ಟು ತಂದು ಅಂದವಾದ ಕುಂಡದಲ್ಲಿ ನೆಟ್ಟು ಎರಡು ಹೊತ್ತು ನೀರೆರೆದರೆ, ಆರು ತಿಂಗಳಲ್ಲಿ ಎಲೆಗಳು ಹಳದಿಯಾಗುತ್ತವೆ. ಎರಡನೆಯ ಮಳೆಗಾಲವನ್ನು ಅನೇಕ ಗಿಡಗಳು ಕಾಣುವುದೇ ಇಲ್ಲ. ಬಂಡೆಯ ಮೇಲೆ ಬಾಳುವ ಗಿಡ ಆರೈಕೆಯಲ್ಲಿ ಸಾಯುವುದೇಕೆ? ಇದು ತೋಟಗಾರನ ಪ್ರಶ್ನೆಯಂತೆ ಕಂಡರೂ, ಉತ್ತರದ ಹೆಚ್ಚಿನ ಭಾಗವು ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರಗಳ ಪಠ್ಯಪುಸ್ತಕಗಳಲ್ಲಿಯೇ ಅಡಗಿದೆ. ಆದುದರಿಂದ ವಿದ್ಯಾರ್ಥಿಗಳಾದ ವಾಚಕರೊಡನೆ ಇದನ್ನು ಸ್ವಲ್ಪ ವಿಚಾರ ಮಾಡುವುದು ಉಚಿತವೆಂದು ನಾವು ಭಾವಿಸುತ್ತೇವೆ.

ತುಳುವಿನಲ್ಲಿ ಇದು ಕೇಪುಳ. ಕುಂದಾಪುರದ ಕಡೆಯ ಕನ್ನಡದಲ್ಲಿ ಕಿಸ್ಕಾರ. ಗುಡ್ಡೆ ದಾಸವಾಳವೆಂಬ ಹೆಸರೂ ಉಂಟು. ದಾಸವಾಳಕ್ಕೂ ಇದಕ್ಕೂ ಬಣ್ಣವೊಂದನ್ನು ಬಿಟ್ಟರೆ ಯಾವ ನಂಟೂ ಇಲ್ಲ. ಹಳಗನ್ನಡದಲ್ಲಿ ‘ಕಿಸು’ ಎಂದರೆ ಕೆಂಪು. ಪಟ್ಟದಕಲ್ಲಿಗೆ ಕಿಸುವೊಳಲು ಎಂಬ ಹೆಸರಿದ್ದುದು ಇತಿಹಾಸದ ವಿದ್ಯಾರ್ಥಿಗಳಿಗೆ ತಿಳಿದೇ ಇದೆ. ಕಿಸ್ಕಾರದಲ್ಲಿಯೂ ಆ ಕಿಸುವೇ ಉಳಿದುಕೊಂಡಿದೆಯೆಂದು ನಮಗೆ ತೋರುತ್ತದೆ. 1753ರಲ್ಲಿ ಲಿನೇಯಸ್ ಇದನ್ನು ಇಕ್ಸೋರಾ ಕಾಕ್ಸೀನಿಯಾ ಎಂದು ಕರೆದನು. ಎರಡನೆಯ ಪದಕ್ಕೆ ಲ್ಯಾಟಿನಿನಲ್ಲಿ ಕಡುಗೆಂಪು ಎಂದೇ ಅರ್ಥ. ಮೊದಲನೆಯದು ನಮ್ಮ ‘ಈಶ್ವರ’ ಶಬ್ದವು ಪರಂಗಿಯವರ ನಾಲಗೆಯಲ್ಲಿ ತಿರುಚಿದ ರೂಪವೆಂದು ಹೇಳುತ್ತಾರೆ. ದಕ್ಷಿಣ ಭಾರತ ಮತ್ತು ಶ್ರೀಲಂಕೆಗಳು ಇದರ ತವರು. ಇಲ್ಲಿಂದ ಹೊರಟು ಉಷ್ಣವಲಯದ ತೋಟಗಳನ್ನೆಲ್ಲ ಇದು ಸೇರಿದೆ. ದಕ್ಷಿಣ ಅಮೆರಿಕದ ಸುರಿನಾಮ್ ದೇಶಕ್ಕೆ ಕೇಪುಳವೇ ರಾಷ್ಟ್ರಪುಷ್ಪವೆಂದರೆ ನಮ್ಮ ಗುಡ್ಡೆಯ ಮಕ್ಕಳು ನಂಬಲಾರರು. ತುಳುನಾಡಿನಲ್ಲಿ ದೇವಿಯ ಪೂಜೆಗೂ ದೈವಗಳ ಅಲಂಕಾರಕ್ಕೂ ಈ ಹೂ ಬೇಕು. ಅಡುಗೆಮನೆಯಲ್ಲಿ ಇದರ ತಂಬುಳಿಯಾಗುತ್ತದೆ. ಶಾಲೆಗೆ ಹೋಗುವ ದಾರಿಯಲ್ಲಿ ಹೂವಿನ ಬುಡವನ್ನು ಚೀಪಿ ಸಿಹಿ ಸವಿಯದ ಹುಡುಗರು ಈ ಸೀಮೆಯಲ್ಲಿ ವಿರಳ.

ಆ ಚೀಪುವ ಹೂವನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ನಾಲ್ಕು ದಳಗಳ ಕೆಳಗೆ ಮೂರು ನಾಲ್ಕು ಸೆಂಟಿಮೀಟರು ಉದ್ದದ, ಗುಂಡುಸೂಜಿಯಷ್ಟು ಸಪುರವಾದ ನಳಿಗೆ. ಮಕರಂದವಿರುವುದು ಅದರ ತಳದಲ್ಲಿ. ಜೇನುಹುಳದ ನಾಲಗೆ ಅಲ್ಲಿಗೆ ನಿಲುಕದು; ಉದ್ದವಾದ ಸುರುಳಿ ಸೊಂಡಿಲಿನ ಚಿಟ್ಟೆಗಳಿಗೆ ಮಾತ್ರ ಸಾಧ್ಯ. ಹೂ ಇನ್ನೂ ಮೊಗ್ಗಾಗಿರುವಾಗಲೇ ಕೇಸರಗಳು ಒಡೆದು ಪರಾಗವನ್ನು ನಡುವಣ ಶಲಾಕೆಯ ತುದಿಗೆ ಹೊರಗಡೆಯಿಂದ ಬಳಿದುಬಿಡುತ್ತವೆ. ಆ ತುದಿಯ ಎರಡು ಹಾಲೆಗಳು ಆಗ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಪರಾಗವನ್ನು ಸ್ವೀಕರಿಸುವ ಮೈ ಒಳಗಡೆ ಮುಚ್ಚಿರುತ್ತದೆ. ಹೂ ಅರಳಿದಾಗ ಶಲಾಕೆಯು ಪರಾಗವನ್ನು ಹೊತ್ತ ಕಡ್ಡಿಯಂತೆ ಹೊರಚಾಚುತ್ತದೆ; ಚಿಟ್ಟೆಯ ಮುಖಕ್ಕೆ ಅದು ತಗಲುತ್ತದೆ. ಪರಾಗವೆಲ್ಲ ಹೋದ ಬಳಿಕ ಹಾಲೆಗಳು ಬಿಚ್ಚಿಕೊಂಡು ಬೇರೊಂದು ಹೂವಿನ ಪರಾಗಕ್ಕಾಗಿ ಕಾಯುತ್ತವೆ. ಒಂದೇ ಕಡ್ಡಿ ಮೊದಲು ಕೊಡುವ ಕೈ, ಬಳಿಕ ಬೇಡುವ ಕೈ. ಒಂದೇ ಗೊಂಚಲಿನಲ್ಲಿ ಎರಡು ಅವಸ್ಥೆಗಳೂ ಇರುವುದರಿಂದ, ಸಾಧಾರಣ ಭೂತಗನ್ನಡಿಯೊಂದಿದ್ದರೆ ವಾಚಕರು ಇದನ್ನು ತಾವೇ ಕಾಣಬಹುದು. ಕಾಫಿ ಗಿಡವೂ ಇದೇ ಕುಟುಂಬದ್ದು. ಎದುರುಬದುರಾಗಿ ಕುಳಿತ ಎರಡು ಎಲೆಗಳ ನಡುವೆ ಕಾಂಡದ ಮೇಲಿರುವ ಚಿಕ್ಕ ಮುಳ್ಳಿನಂತಹ ಪುಚ್ಛವು ಆ ಕುಟುಂಬದ ಗುರುತು.

ಇನ್ನು ನೆಲದ ವಿಷಯ. ಕನ್ನಡ ಮತ್ತು ಮಲಬಾರ್ ಸೀಮೆಗಳಲ್ಲಿ 1800-01ರಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ನೆಲದಲ್ಲಿರುವಾಗ ಮೆದುವಾಗಿದ್ದು ಕಡಿದು ಗಾಳಿಗಿಟ್ಟ ಮೇಲೆ ಗಟ್ಟಿಯಾಗುವ ಕಲ್ಲೊಂದನ್ನು ಬಣ್ಣಿಸಿ, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟನು. ಲ್ಯಾಟಿನಿನ ‘ಇಟ್ಟಿಗೆ’ ಶಬ್ದವೇ ಅದರ ಮೂಲ. ನಮ್ಮವರ ಜಂಬಿಟ್ಟಿಗೆಯೂ ಅದೇ ಅಲ್ಲವೆ? ಕರಾವಳಿಯಲ್ಲಿ ಅದು ಮುರಕಲ್ಲು. ಲಕ್ಷಾಂತರ ವರ್ಷಗಳ ಭಾರಿ ಮಳೆಯು ಬಂಡೆಯೊಳಗಿನ ಸುಣ್ಣ, ಪೊಟ್ಯಾಷ್, ಸಿಲಿಕಗಳನ್ನು ಕರಗಿಸಿ ಒಯ್ದ ಮೇಲೆ ಕರಗದೆ ಉಳಿದ ಕಬ್ಬಿಣ ಮತ್ತು ಅಲ್ಯುಮಿನಿಯಮುಗಳ ಆಕ್ಸೈಡುಗಳೇ ಮುರಕಲ್ಲು. ಸುಣ್ಣವೇ ಮೊದಲಾದ ಕ್ಷಾರಕಾರಕಗಳು ಹೋದ ಕಾರಣ ಅದರ ಮಣ್ಣು ಆಮ್ಲೀಯ. ಪಿ.ಎಚ್. ಮಾನದಲ್ಲಿ ಹೇಳುವುದಾದರೆ ಸಾಮಾನ್ಯವಾಗಿ 5ರಿಂದ 6ರ ಆಸುಪಾಸು. ಕೇಪುಳವು ಒಗ್ಗಿಕೊಂಡಿರುವುದು ಈ ಮಣ್ಣಿಗೆ.

ಇಲ್ಲಿ ಒಂದು ಸೋಜಿಗವಿದೆ. ಹಳದಿಯಾದ ಕೇಪುಳದ ಕಾಯಿಲೆಗೆ ಬಹುಪಾಲು ಕಾರಣ ಕಬ್ಬಿಣದ ಕೊರತೆ. ಎಲೆಯ ಪತ್ರಹರಿತ್ತಿನಲ್ಲಿ ಕಬ್ಬಿಣವಿಲ್ಲದಿದ್ದರೂ ಅದನ್ನು ತಯಾರಿಸುವ ಕ್ರಿಯೆಗೆ ಕಬ್ಬಿಣ ಬೇಕು. ಆದರೆ ಎಷ್ಟು? ಒಣಗಿದ ಎಲೆಯ ತೂಕದ ಹತ್ತು ಸಾವಿರದಲ್ಲೊಂದು ಪಾಲು ಸಾಕು. ಎಂದರೆ ಕಿಲೋಗ್ರಾಮಿಗೆ 0.1 ಗ್ರಾಂ. ಮಣ್ಣಿನ ತೂಕದ ನಾಲ್ಕರಲ್ಲೊಂದು ಪಾಲು ಕಬ್ಬಿಣದ ಆಕ್ಸೈಡಾಗಿರುವ ಮುರಮಣ್ಣನ್ನು ತೆಗೆದುಕೊಳ್ಳೋಣ. ಅದರ ಒಂದು ಕಿಲೋಗ್ರಾಮಿನಲ್ಲಿ 250 ಗ್ರಾಂ ಆಕ್ಸೈಡು. ಆಕ್ಸೈಡಿನಲ್ಲಿ ನೂರಕ್ಕೆ 70 ಪಾಲು ಕಬ್ಬಿಣವಾದುದರಿಂದ 175 ಗ್ರಾಂ ಕಬ್ಬಿಣ. ಲೆಕ್ಕಕ್ಕೆ ಇದು 1,750 ಕಿಲೋಗ್ರಾಂ ಒಣ ಎಲೆಗೆ ಸಾಲಬೇಕು! ಹೀಗಿದ್ದೂ ಐದು ಕಿಲೋಗ್ರಾಂ ಕೆಂಪುಮಣ್ಣಿನ ಕುಂಡದಲ್ಲಿ ಅಂಗೈಯಗಲದ ಗಿಡವೊಂದು ಕಬ್ಬಿಣವಿಲ್ಲದೆ ಸೊರಗುತ್ತದೆ.

ಕಾರಣವು ಕರಗುವಿಕೆಯಲ್ಲಿದೆ. ಬೇರು ಹೀರಬಲ್ಲುದು ನೀರಿನಲ್ಲಿ ಕರಗಿದ ಅಯಾನುಗಳನ್ನು ಮಾತ್ರ. ಫೆರಿಕ್ ಹೈಡ್ರಾಕ್ಸೈಡು ನೀರಿನಲ್ಲಿ ಸಮತೋಲದಲ್ಲಿರುವಾಗ, ಕಬ್ಬಿಣದ ಅಯಾನುಗಳ ಸಾಂದ್ರತೆಯನ್ನು ಹೈಡ್ರಾಕ್ಸಿಲ್ ಅಯಾನುಗಳ ಸಾಂದ್ರತೆಯ ಘನದಿಂದ ಗುಣಿಸಿದರೆ ಬರುವ ಮೊತ್ತ ಸ್ಥಿರ. ಪಿ.ಎಚ್. ಒಂದಂಶ ಏರಿತೆಂದರೆ ಹೈಡ್ರಾಕ್ಸಿಲ್ ಹತ್ತು ಪಟ್ಟಾಯಿತು. ಹತ್ತರ ಘನ ಸಾವಿರ. ಆದುದರಿಂದ ಮುಕ್ತವಾಗಿರುವ ಫೆರಿಕ್ ಅಯಾನುಗಳು ಸಾವಿರದಲ್ಲೊಂದು ಪಾಲಿಗೆ ಇಳಿದುವು. 5ರಿಂದ 8ಕ್ಕೆ ಏರಿದರೆ ನೂರು ಕೋಟಿಯಲ್ಲಿ ಒಂದು ಪಾಲು! ಬೇರುಗಳು ತಮ್ಮ ಸುತ್ತಲೂ ಆಮ್ಲವನ್ನು ಸ್ರವಿಸಿ, ಫೆರಿಕ್ ಕಬ್ಬಿಣವನ್ನು ಫೆರಸ್ ರೂಪಕ್ಕೆ ಅಪಕರ್ಷಿಸಿ ಹೀರಲು ಶ್ರಮಿಸುತ್ತವೆ. ಆದರೆ ಸುಣ್ಣವಿರುವ ಮಣ್ಣಿನಲ್ಲಿ ಆ ಶ್ರಮ ಸಮುದ್ರಕ್ಕೆ ಹುಣಿಸೆಹಣ್ಣು ಕದಡಿದಂತೆಯೇ ಸರಿ.

ಸುಣ್ಣವು ಬರುವುದೆಲ್ಲಿಂದ? ನಮ್ಮಿಂದಲೇ. ಹೊಸ ಮನೆಯ ಗೋಡೆಯ ಬುಡದಲ್ಲಿ ಗಾರೆ, ಸಿಮೆಂಟಿನ ಚೂರು, ಸುಣ್ಣದ ನೀರು ಎಲ್ಲವೂ ಮಣ್ಣಿಗೆ ಸೇರಿರುತ್ತವೆ. ಅಲ್ಲಿಯೇ ಸಾಲಾಗಿ ಕೇಪುಳವನ್ನು ನೆಡುವುದು ಈಗಿನ ರೂಢಿ. ಸಿಮೆಂಟು ನೀರಿನೊಡನೆ ಸೇರಿ ಗಟ್ಟಿಯಾಗುವಾಗ ಕ್ಯಾಲ್ಸಿಯಂ ಹೈಡ್ರಾಕ್ಸೈಡು ಹುಟ್ಟುತ್ತದೆ. ಅದರ ಪೂರ್ಣದ್ರಾವಣದ ಪಿ.ಎಚ್. 12ನ್ನೂ ಮೀರುತ್ತದೆ. ಸಿಮೆಂಟಿನ ಹೊಸ ಕುಂಡವೆಂದರೆ ಕೇಪುಳದ ಪಾಲಿಗೆ ಸುಣ್ಣದ ಡಬ್ಬಿಯೇ. ಆಳವಾದ ಕೊಳವೆಬಾವಿಯ ಗಡಸು ನೀರಿನಲ್ಲಿಯೂ ಕ್ಯಾಲ್ಸಿಯಂ ಬೈಕಾರ್ಬೊನೇಟು ಇರಬಹುದು. ಇನ್ನೊಂದನ್ನು ನಮ್ಮ ಮನೆಗಳ ಹಿರಿಯರು ಒಪ್ಪಲಾರರು: ಬಚ್ಚಲೊಲೆಯ ಬೂದಿ ಮತ್ತು ಸುಡುಮಣ್ಣು. ತೆಂಗಿಗೆ, ಬಸಳೆಗೆ ಅವು ಅಮೃತ. ಆದರೆ ಬೂದಿ ಕ್ಷಾರ. ಕೇಪುಳದ ಬುಡಕ್ಕೆ ಅದನ್ನು ಹಾಕಬಾರದು. ಅಮೆರಿಕದ ಫ್ಲಾರಿಡಾದ ದಕ್ಷಿಣ ತುದಿಯಲ್ಲಿ ನೆಲವೇ ಸುಣ್ಣಕಲ್ಲು. ಅಲ್ಲಿ ಇಕ್ಸೋರಾದ ಬೇಲಿಗಳು ಹಳದಿಯಾಗುವುದು ಎಲ್ಲರೂ ಬಲ್ಲ ಉಪದ್ರವ. ಪ್ರಕೃತಿಯು ಅಲ್ಲಿ ಮಾಡಿರುವುದನ್ನು ಮಣಿಪಾಲದ ಬಹುಮಹಡಿ ಕಟ್ಟಡಗಳ ಅಂಗಳದಲ್ಲಿ ನಾವು ಕೈಯಾರೆ ಮಾಡುತ್ತಿದ್ದೇವೆ.

ಕಾಯಿಲೆಯ ಗುರುತು ಸುಲಭ. ಕಬ್ಬಿಣವು ಗಿಡದೊಳಗೆ ಒಂದು ಎಲೆಯಿಂದ ಇನ್ನೊಂದಕ್ಕೆ ಸುಲಭವಾಗಿ ಸಾಗದು. ಆದುದರಿಂದ ಕೊರತೆ ತೋರುವುದು ಎಳೆಯ ಎಲೆಗಳಲ್ಲಿ. ನರಗಳು ಹಸುರಾಗಿಯೇ ಉಳಿದು ನಡುವಣ ಜಾಗ ಹಳದಿಯಾಗುತ್ತದೆ. ಸಾರಜನಕವು ಸಾಗಬಲ್ಲುದು, ಅದು ಕಡಿಮೆಯಾದರೆ ಗಿಡವು ಮುದಿ ಎಲೆಯಿಂದ ಕಿತ್ತು ಎಳೆಯದಕ್ಕೆ ಕೊಡುತ್ತದೆ, ಹೀಗಾಗಿ ಕೆಳಗಿನ ಎಲೆಗಳು ಮೊದಲು ಹಳದಿಯಾಗುತ್ತವೆ. ಹಳದಿ ಮೇಲಿನದೋ ಕೆಳಗಿನದೋ ಎಂದು ನೋಡದೆ ಗೊಬ್ಬರ ಸುರಿಯುವುದು, ಜ್ವರ ನೋಡದೆ ಮದ್ದು ಕೊಟ್ಟಂತೆ. ಮಣ್ಣನ್ನು ಪರೀಕ್ಷಿಸಲು ಪ್ರಯೋಗಶಾಲೆಯೇ ಬೇಕೆಂದಿಲ್ಲ. ಒಂದು ಹಿಡಿ ಮಣ್ಣನ್ನು ಹಿಡಿದಿಟ್ಟ ಮಳೆನೀರಿನಲ್ಲಿ ಕದಡಿ, ತಿಳಿಯಾದ ಮೇಲೆ ಕೆಂಪು ದಾಸವಾಳದ ದಳವನ್ನು ಕುದಿಸಿದ ರಸದ ಕೆಲವು ಹನಿಗಳನ್ನು ಬಿಡಬೇಕು. ಆಮ್ಲದಲ್ಲಿ ಅದು ನಸುಗೆಂಪಾಗುತ್ತದೆ. ಕ್ಷಾರದಲ್ಲಿ ಹಸುರಿನತ್ತ ತಿರುಗುತ್ತದೆ. ಒಣಮಣ್ಣಿನ ಮೇಲೆ ಲಿಂಬೆರಸ ಹಿಂಡಿದಾಗ ನೊರೆಗುಳ್ಳೆಗಳೆದ್ದರೆ ಕಾರ್ಬೊನೇಟು ಇದೆಯೆಂದು ನಿಶ್ಚಯ.

ಪರಿಹಾರವೂ ಇದರಿಂದಲೇ ಹೊಳೆಯುತ್ತದೆ. ಗುಡ್ಡೆಯ ಕೆಂಪುಮಣ್ಣು ಎರಡು ಪಾಲು, ಕೊಳೆತ ತರಗೆಲೆ ಒಂದು ಪಾಲು, ದಪ್ಪ ಹೊಳೆಯ ಹೊಯಿಗೆ ಅಥವಾ ಚೂರು ಮಾಡಿದ ತೆಂಗಿನ ಸಿಪ್ಪೆ ಒಂದು ಪಾಲು: ಇದು ಈ ಗಿಡಕ್ಕೆ ಒಗ್ಗುವ ಮಿಶ್ರಣ. ಮೇಲೆ ಒಣ ಎಲೆಗಳ ಹೊದಿಕೆ ಇದ್ದರೆ ಇನ್ನೂ ಒಳ್ಳೆಯದು; ಕೊಳೆಯುವ ಎಲೆಯ ಆಮ್ಲಗಳು ಕಬ್ಬಿಣವನ್ನು ಹಿಡಿದುಕೊಂಡು ಕರಗಿದ ರೂಪದಲ್ಲಿಯೇ ಇಡುತ್ತವೆ. ಅಂಗಡಿಯಲ್ಲಿ ‘ಕೀಲೇಟ್’ ಎಂದು ಮಾರುವ ಕಬ್ಬಿಣದ ಪುಡಿಯ ತತ್ತ್ವವೂ ಇದೇ. ಈಗಾಗಲೇ ಹಳದಿಯಾದ ಗಿಡಕ್ಕೆ ಅನ್ನಭೇದಿ ಎಂಬ ಫೆರಸ್ ಸಲ್ಫೇಟನ್ನು ಲೀಟರು ನೀರಿಗೆ ಎರಡು ಗ್ರಾಮಿನಂತೆ ಕರಗಿಸಿ, ನಾಲ್ಕು ಹನಿ ಲಿಂಬೆರಸ ಬೆರೆಸಿ, ಸಂಜೆಯ ಹೊತ್ತು ಎಲೆಗಳಿಗೆ ಚಿಮುಕಿಸಬಹುದು. ಲಿಂಬೆರಸವೇಕೆಂದರೆ, ಅದಿಲ್ಲದಿದ್ದರೆ ಫೆರಸ್ ಕಬ್ಬಿಣವು ಗಾಳಿಯ ಆಮ್ಲಜನಕದೊಡನೆ ಸೇರಿ ತುಕ್ಕಿನ ಬಣ್ಣದ ಗಸಿಯಾಗಿ ತಳ ಸೇರುತ್ತದೆ. ಆದರೆ ಇದು ತಾತ್ಕಾಲಿಕ ಚಿಕಿತ್ಸೆ. ಮಣ್ಣು ಸುಣ್ಣವಾಗಿದ್ದರೆ ಮಣ್ಣನ್ನೇ ಬದಲಾಯಿಸಬೇಕು.

ಸುಣ್ಣದ ತರುವಾಯ ಕೇಪುಳವನ್ನು ಕೊಲ್ಲುವುದು ನೀರು, ಅಥವಾ ಸರಿಯಾಗಿ ಹೇಳುವುದಾದರೆ ಕುಂಡದೊಳಗೆ ನಿಂತ ನೀರು. ಉಡುಪಿಯ ಸುತ್ತ ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಬೀಳುತ್ತದೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಎಂದರೆ ಒಂದು ಲೀಟರು. 30 ಸೆಂಟಿಮೀಟರು ವ್ಯಾಸದ ಬಾಯಿಯುಳ್ಳ ಚಟ್ಟಿಯ ವಿಸ್ತೀರ್ಣ ಸುಮಾರು 0.07 ಚದರ ಮೀಟರು. ಆದುದರಿಂದ ವರ್ಷವೊಂದರಲ್ಲಿ ಆ ಒಂದು ಚಟ್ಟಿಯ ಮೇಲೆ 280 ಲೀಟರು ನೀರು ಸುರಿಯುತ್ತದೆ. ಕೊಡಗಟ್ಟಲೆ ನೀರು ಹದಿನೈದು ಲೀಟರು ಮಣ್ಣಿನ ಮೂಲಕ ಇಳಿದು ಹೋಗಬೇಕು. ಗುಡ್ಡೆಯ ಮೇಲೂ ಅಷ್ಟೇ ಮಳೆ ಬೀಳುವುದಲ್ಲವೆ, ಅಲ್ಲಿ ಆಗದ ತೊಂದರೆ ಇಲ್ಲೇಕೆ ಎಂದು ವಾಚಕರು ಕೇಳಬಹುದು.

ಇದಕ್ಕೆ ಉತ್ತರ ಕೇಶಾಕರ್ಷಣೆ. ಸಪುರ ಗಾಜಿನ ನಳಿಗೆಯಲ್ಲಿ ನೀರು ತಾನಾಗಿ ಏರಿ ನಿಲ್ಲುವುದನ್ನು ಕಾಲೇಜಿನಲ್ಲಿ ಎಲ್ಲರೂ ನೋಡಿರುತ್ತಾರೆ. ಒಂದು ಮಿಲಿಮೀಟರು ವ್ಯಾಸದ ನಳಿಗೆಯಲ್ಲಿ ಸುಮಾರು 3 ಸೆಂಟಿಮೀಟರು, 0.2 ಮಿಲಿಮೀಟರಿನದರಲ್ಲಿ ಸುಮಾರು 15 ಸೆಂಟಿಮೀಟರು. ಮಣ್ಣಿನ ಕಣಗಳ ನಡುವಣ ಸಂದುಗಳು ಇಂತಹ ನಳಿಗೆಗಳೇ. ಚಟ್ಟಿಯ ತಳದ ತೂತಿನಿಂದ ನೀರು ತೊಟ್ಟಿಕ್ಕುವುದು ನಿಂತಿತೆಂದರೆ ಒಳಗೆ ನೀರು ನಿಂತಿಲ್ಲವೆಂದು ಅರ್ಥವಲ್ಲ. ಮೇಲ್ಮೈ ಎಳೆತವು ಹೊತ್ತು ನಿಲ್ಲಬಲ್ಲಷ್ಟು ಎತ್ತರದ ನೀರು ತಳದ ಮೇಲೆ ಉಳಿದೇ ಇರುತ್ತದೆ. ನುಣ್ಣನೆಯ ಜೇಡಿ ತುಂಬಿದ, ಗೇಣೆತ್ತರವೂ ಇಲ್ಲದ ಚಟ್ಟಿಯಲ್ಲಿ ಈ ತುಂಬುನೀರಿನ ಪದರವು ಬಹುತೇಕ ಮೇಲಿನವರೆಗೂ ಬರುತ್ತದೆ. ಗುಡ್ಡೆಯಲ್ಲಾದರೋ ಮಣ್ಣಿನ ಕೆಳಗೆ ಮುರಕಲ್ಲಿನ ಬಿರುಕುಗಳು ಆಳಕ್ಕೆ ಇಳಿದಿರುವುದರಿಂದ ನೀರಿನ ಸ್ತಂಭವು ಕಡಿಯದೆ ಕೆಳಕ್ಕೆ ಎಳೆಯುತ್ತದೆ. ಬೇಸಗೆಯಲ್ಲಿ ಅದೇ ಬಿರುಕುಗಳೂ ಕಲ್ಲಿನ ರಂಧ್ರಗಳೂ ಉಳಿಸಿಕೊಂಡ ತೇವವನ್ನು ಬೇರು ಹುಡುಕಿ ಹೋಗುತ್ತದೆ.

ಪಾತ್ರೆ ತೊಳೆಯುವ ಸ್ಪಂಜಿನಿಂದ ಇದನ್ನು ಪ್ರತ್ಯಕ್ಷ ಕಾಣಬಹುದು. ಸ್ಪಂಜನ್ನು ನೀರಿನಲ್ಲಿ ಪೂರ್ಣ ನೆನೆಸಿ ಅಡ್ಡವಾಗಿ ಅಂಗೈಯ ಮೇಲೆ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನು ನೆಟ್ಟಗೆ ನಿಲ್ಲಿಸಿ ಹಿಡಿಯಿರಿ. ಮತ್ತೆ ನೀರು ಸುರಿಯುತ್ತದೆ. ಸ್ಪಂಜು ಅದೇ, ಸಂದುಗಳೂ ಅವೇ. ಎತ್ತರ ಮಾತ್ರ ಬದಲಾಯಿತು. ಹೀಗಿರುವುದರಿಂದ, ಅಗಲವಾದ ತಗ್ಗು ಚಟ್ಟಿಗಿಂತ ಎತ್ತರವಾದ ಚಟ್ಟಿ ಕೇಪುಳಕ್ಕೆ ಲೇಸು. ತಳದಲ್ಲಿ ಕಲ್ಲುಚೂರು ತುಂಬುವ ಪದ್ಧತಿಯೂ ನಾವು ತಿಳಿದಷ್ಟು ಉಪಕಾರಿಯಲ್ಲ. ಸಣ್ಣ ಸಂದುಗಳಿಂದ ದೊಡ್ಡ ಸಂದುಗಳಿಗೆ ನೀರು ತಾನಾಗಿ ಇಳಿಯದು. ಕಲ್ಲಿನ ಪದರದ ಮೇಲೆಯೇ ತುಂಬುನೀರು ನಿಂತು, ಬೇರಿಗೆ ಉಳಿಯುವ ಒಣಮಣ್ಣು ಮತ್ತಷ್ಟು ಕಡಿಮೆಯಾಗುತ್ತದೆ. ತೂತು ಮುಚ್ಚದಂತೆ ಒಂದು ಹಂಚಿನ ಚೂರು ಸಾಕು. ಹೊಯಿಗೆ ಮತ್ತು ಸಿಪ್ಪೆಯನ್ನು ಮಣ್ಣಿನ ಉದ್ದಕ್ಕೂ ಬೆರೆಸಬೇಕೆಂದು ಮೇಲೆ ಹೇಳಿದುದರ ಕಾರಣವೂ ಇದೇ. ನೀರು ತುಂಬಿದ ಸಂದುಗಳಲ್ಲಿ ಆಮ್ಲಜನಕವು ಗಾಳಿಯಲ್ಲಿ ಹರಡುವುದಕ್ಕಿಂತ ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಉಸಿರಾಡದ ಬೇರು ಕಬ್ಬಿಣವನ್ನೂ ಹೀರದು. ಮಳೆಗಾಲದಲ್ಲಿ ಗಿಡ ಹಳದಿಯಾದರೆ ಸುಣ್ಣವನ್ನು ಶಂಕಿಸುವ ಮೊದಲು ಚಟ್ಟಿಯನ್ನು ಓರೆಮಾಡಿ ನೋಡಬೇಕು.

ಚಟ್ಟಿಯು ಮಣ್ಣಿನದೋ ಪ್ಲಾಸ್ಟಿಕ್ಕಿನದೋ ಎಂಬುದು ಮಳೆಗಾಲಕ್ಕಿಂತ ಬೇಸಗೆಯಲ್ಲಿ ಮುಖ್ಯ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,400 ಜೂಲ್ ಉಷ್ಣ ಬೇಕು. ಸುಟ್ಟ ಮಣ್ಣಿನ ಚಟ್ಟಿಯ ಗೋಡೆಯಿಂದ 100 ಗ್ರಾಂ ನೀರು ಆರಿಹೋದರೆ 2,40,000 ಜೂಲ್ ಅದರೊಡನೆ ಹೋಯಿತು. ಐದು ಕಿಲೋಗ್ರಾಂ ಹಸಿಮಣ್ಣನ್ನು ಒಂದು ಡಿಗ್ರಿ ತಣಿಸಲು ತೆಗೆಯಬೇಕಾದುದು 10,000 ಜೂಲ್ ಮಾತ್ರ. ಹೊರಗಿನಿಂದ ಉಷ್ಣವು ಒಳಬರುತ್ತಲೇ ಇರುವುದರಿಂದ ಮಣ್ಣು 24 ಡಿಗ್ರಿ ತಣ್ಣಗಾಗದು, ನಿಜ. ಆದರೆ ಪಶ್ಚಿಮದ ಬಿಸಿಲಿಗೆ ಬಿದ್ದ ಕಪ್ಪು ಪ್ಲಾಸ್ಟಿಕ್ ಕುಂಡದ ಬದಿಯ ಬೇರುಗಳು ಬೇಯುವಾಗ, ಪಕ್ಕದ ಮಣ್ಣಿನ ಚಟ್ಟಿ ಕೈಗೆ ತಂಪಾಗಿರುವುದು ಈ ಗುಪ್ತೋಷ್ಣದಿಂದಲೇ. ಬೆಲೆಯಾಗಿ ಅದು ಹೆಚ್ಚು ನೀರನ್ನು ಕೇಳುತ್ತದೆ. ಪ್ಲಾಸ್ಟಿಕ್ ಕುಂಡವನ್ನೇ ಬಳಸುವವರು ಅದನ್ನು ಇತರ ಕುಂಡಗಳ ನೆರಳಿನಲ್ಲಿ ಇಟ್ಟರಾಯಿತು. ಎಲೆಗೆ ಬಿಸಿಲು ಬೇಕು, ಕುಂಡದ ಮೈಗೆ ಬೇಡ.

ಎಲೆಗೆ ಎಷ್ಟು ಬಿಸಿಲು? ದಿನಕ್ಕೆ ನಾಲ್ಕೈದು ಗಂಟೆಯಾದರೂ ನೇರ ಬಿಸಿಲಿಲ್ಲದೆ ಕೇಪುಳ ಸಮೃದ್ಧವಾಗಿ ಹೂ ಬಿಡದು. ಜಗಲಿಯಲ್ಲಿ ಬೇಕಾದಷ್ಟು ಬೆಳಕಿದೆಯೆಂದು ಹೇಳುವವರನ್ನು ಅವರ ಕಣ್ಣು ಮೋಸಗೊಳಿಸುತ್ತದೆ. ನಡುಹಗಲಿನ ಬಯಲಿನಲ್ಲಿ ಬೆಳಕು ಒಂದು ಲಕ್ಷ ಲಕ್ಸ್ ಇದ್ದರೆ ಹಂಚಿನ ಮಾಡಿನ ಒಳಗೆ ಕೆಲವು ಸಾವಿರಕ್ಕೆ, ಕೋಣೆಯೊಳಗೆ ಕೆಲವು ನೂರಕ್ಕೆ ಇಳಿದಿರುತ್ತದೆ. ನಮ್ಮ ಕಣ್ಣು ವ್ಯತ್ಯಾಸವನ್ನಲ್ಲ, ಅನುಪಾತವನ್ನು ಗ್ರಹಿಸುವ ಉಪಕರಣ. ಅದಕ್ಕೆ ನೂರು ಪಟ್ಟು ಇಳಿತವೂ ಅಲ್ಪವೆಂದೇ ತೋರುತ್ತದೆ. ಎಲೆಗೆ ಆ ಭ್ರಮೆಯಿಲ್ಲ. ಕಾಡಿನ ಅಂಚಿನ ನೆರಳಿನಲ್ಲಿ ಬೆಳೆದ ಕೇಪುಳ ಆಳೆತ್ತರವನ್ನೂ ಮೀರಿ ಸಪುರವಾಗಿ ನೀಳುತ್ತದೆ; ಬಯಲ ಪಾದೆಯಲ್ಲಿ ಅದೇ ಗಿಡ ಮೊಣಕಾಲೆತ್ತರದಲ್ಲಿ ಒತ್ತಾಗಿ ನಿಲ್ಲುತ್ತದೆ. ಸಸ್ಯಪಾಲನಾಲಯಗಳಲ್ಲಿ ಸಿಗುವ ಕುಳ್ಳ ಇಕ್ಸೋರಾಗಳಲ್ಲಿ ಗೆಣ್ಣಿನಿಂದ ಗೆಣ್ಣಿಗೆ ಅಂತರ ಕಡಿಮೆಯಿರುವುದು ವಂಶಗುಣ; ಆದರೆ ಅವನ್ನೂ ನೆರಳಿನಲ್ಲಿಟ್ಟರೆ ಹೂವಿಲ್ಲ.

ಪೊದೆಯನ್ನು ಒತ್ತಾಗಿ ಇಡಲು ಕತ್ತರಿ ಬೇಕು. ಕೇಪುಳದ ಗೊಂಚಲು ಹುಟ್ಟುವುದು ರೆಂಬೆಯ ತುದಿಯಲ್ಲಿ ಮಾತ್ರ. ಆದುದರಿಂದ ತುದಿಗಳ ಸಂಖ್ಯೆಯೇ ಗೊಂಚಲುಗಳ ಸಂಖ್ಯೆ. ತುದಿಯನ್ನು ಚಿವುಟಿದರೆ ಅದರ ಕೆಳಗಿನ ಜೋಡಿ ಎಲೆಗಳ ಕಂಕುಳಿನಿಂದ ಎರಡು ರೆಂಬೆಗಳು ಹೊರಡುತ್ತವೆ: ಒಂದು ಎರಡಾಗಿ, ಎರಡು ನಾಲ್ಕಾಗಿ, ಮೂರನೆಯ ಬಾರಿಗೆ ಎಂಟಾಗುತ್ತದೆ. ಅಷ್ಟರವರೆಗೆ ಆ ಮೊಳಕೆಗಳು ನಿದ್ರಿಸುತ್ತಿದ್ದುದೇಕೆ? ತುದಿಯಲ್ಲಿ ಹುಟ್ಟಿ ಕೆಳಕ್ಕೆ ಇಳಿಯುವ ಆಕ್ಸಿನ್ ಎಂಬ ರಾಸಾಯನಿಕವು ಅವನ್ನು ತಡೆದಿತ್ತು. ಟೀಮನ್ ಮತ್ತು ಸ್ಕೂಗ್ ಎಂಬವರು 1930ರ ದಶಕದ ಆದಿಯಲ್ಲಿ ಅವರೆಯ ಜಾತಿಯ ಗಿಡದ ತುದಿಯನ್ನು ಕೊಯ್ದು, ಆ ಗಾಯಕ್ಕೆ ಆಕ್ಸಿನ್ ಬಳಿದು, ತುದಿಯಿಲ್ಲದಿದ್ದರೂ ಮೊಳಕೆಗಳು ಏಳದಿರುವುದನ್ನು ತೋರಿಸಿದರು. ಬೇರಿನಿಂದ ಮೇಲೇರುವ ಸ್ಟ್ರೈಗೋಲ್ಯಾಕ್ಟೋನ್ ಎಂಬ ಇನ್ನೊಂದು ಪದಾರ್ಥವೂ ಈ ತಡೆಯಲ್ಲಿ ಪಾಲುಗೊಳ್ಳುವುದು 2008ರಲ್ಲಿ ತಿಳಿದುಬಂದಿತು. ತೋಟಗಾರನಿಗೆ ಬೇಕಾದುದು ಇಷ್ಟೆ: ಬೇಸಗೆಯ ಹೂಗಳು ಮುಗಿದು ಮೊದಲ ಮಳೆ ಬೀಳುವಾಗ ಕತ್ತರಿಸಬೇಕು, ಹೂ ಬರುವ ಹೊತ್ತಿಗೆ ಅಂದಕ್ಕಾಗಿ ಕತ್ತರಿಸಿದರೆ ಮೊಗ್ಗುಗಳೇ ಕತ್ತರಿಗೆ ಬೀಳುತ್ತವೆ. ಎಲೆಯ ಮೇಲೆ ಕಪ್ಪು ಮಸಿ ಕಂಡರೆ ಅಡಿಯಲ್ಲಿ ಶಲ್ಕಕೀಟಗಳಿವೆಯೆಂದು ತಿಳಿದು ಸಾಬೂನು ನೀರಿನಿಂದ ತೊಳೆದರಾಯಿತು.

ಕತ್ತರಿಸಿದ ರೆಂಬೆಗಳನ್ನು ಎಸೆಯಬೇಕಾಗಿಲ್ಲ. ಆಟಿಯ ಮಳೆಯಲ್ಲಿ ಗೆಲ್ಲು ನೆಟ್ಟರೆ ಬದುಕುತ್ತದೆಂಬುದು ಈ ಸೀಮೆಯ ಹಳೆಯ ಅನುಭವ. ಇದಕ್ಕೆ ಲೆಕ್ಕವೂ ಒಂದುಂಟು. ಬೇರಿಲ್ಲದ ಗೆಲ್ಲು ಹೀರುವುದು ಅತ್ಯಲ್ಪ, ಕಳೆದುಕೊಳ್ಳುವುದು ಗಾಳಿಯ ಒಣತನಕ್ಕೆ ಅನುಗುಣವಾಗಿ. ಏಪ್ರಿಲಿನ ಮಧ್ಯಾಹ್ನ ಉಷ್ಣಮಾನ 34 ಡಿಗ್ರಿ, ಆರ್ದ್ರತೆ ನೂರಕ್ಕೆ 55 ಎಂದಿಟ್ಟುಕೊಳ್ಳೋಣ. 34 ಡಿಗ್ರಿಯಲ್ಲಿ ಗಾಳಿ ಹಿಡಿಯಬಲ್ಲ ಆವಿಯ ಒತ್ತಡ 40 ಮಿಲಿಮೀಟರು ಪಾದರಸ, ಇರುವುದು 22, ಕೊರತೆ 18. ಜುಲೈಯಲ್ಲಿ 27 ಡಿಗ್ರಿ, ಆರ್ದ್ರತೆ 90 ಆದಾಗ ಹಿಡಿಯಬಲ್ಲುದು 26.7, ಇರುವುದು 24, ಕೊರತೆ 2.7 ಮಾತ್ರ. ಆರ್ದ್ರತೆಯ ಅಂಕೆಗಳು 55 ಮತ್ತು 90 ಎಂದು ಹತ್ತಿರ ಹತ್ತಿರವಿದ್ದರೂ ಎಲೆಯಿಂದ ನೀರನ್ನು ಸೆಳೆಯುವ ಬಲವು ಸುಮಾರು ಏಳರಲ್ಲೊಂದಾಯಿತು. ತುದಿಯ ಎಳೆಯ ಭಾಗವನ್ನೂ ಬುಡದ ಕಟ್ಟಿಗೆಯನ್ನೂ ಬಿಟ್ಟು, ನಡುವಣ 12-15 ಸೆಂಟಿಮೀಟರು ತುಂಡನ್ನು ಗೆಣ್ಣಿನ ಕೆಳಗೆ ಕೊಯ್ದು, ಕೆಳಗಿನ ಎಲೆಗಳನ್ನು ತೆಗೆದು, ಮೇಲಿನವುಗಳನ್ನು ಅರ್ಧಕ್ಕೆ ಕತ್ತರಿಸಿ, ಹೊಯಿಗೆ ಬೆರೆಸಿದ ಕೆಂಪುಮಣ್ಣಿನಲ್ಲಿ ಹನಿ ನೇರವಾಗಿ ಬಡಿಯದೆಡೆಯಲ್ಲಿ ನೆಡಬೇಕು. ಆರೆಂಟು ವಾರ ಎಳೆದು ನೋಡುವ ಚಾಪಲ್ಯವನ್ನು ತಡೆದುಕೊಂಡರೆ ಬೇರು ಬಂದಿರುತ್ತದೆ. ಉತ್ತರದ ಶೀತದೇಶಗಳಲ್ಲಿ ಇದೇ ತೇವವನ್ನೂ ಸೆಕೆಯನ್ನೂ ಗಾಜಿನ ಮನೆ ಕಟ್ಟಿ ಹುಟ್ಟಿಸುತ್ತಾರೆ. ಹಿಮಕ್ಕೆ ಈ ಗಿಡ ತಾಳದು.

ಒಂದೇ ಜಿಲ್ಲೆಯೊಳಗೂ ನೆಲ ಒಂದೇ ಅಲ್ಲ. ಕಾಪುವಿನಲ್ಲಿ 1901ರ ದೀಪಸ್ತಂಭದ ಬಂಡೆಯ ಸುತ್ತಣ ಕಡಲತೀರದ ಮರಳಿನಲ್ಲಿ ಚಿಪ್ಪಿನ ಚೂರುಗಳು ಬೆರೆತಿರುತ್ತವೆ. ಚಿಪ್ಪು ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟು. ಹಿಂದಿನವರು ಅದನ್ನು ಸುಟ್ಟೇ ಸುಣ್ಣ ಮಾಡುತ್ತಿದ್ದರು. ಲಿಂಬೆರಸದ ಪರೀಕ್ಷೆಯನ್ನು ಅಲ್ಲಿ ಮಾಡಿ ನೋಡಬೇಕು. ಅದರೊಡನೆ ಉಪ್ಪುಗಾಳಿ. ಕಡಲ ನೀರಿನ ರಸಾಕರ್ಷಣ ಒತ್ತಡ ವಾಯುಮಂಡಲದ ಒತ್ತಡದ ಸುಮಾರು 25 ಪಟ್ಟು. ಎಲೆಯ ಮೇಲೆ ಬಿದ್ದ ತುಂತುರು ಆರುತ್ತ ಇನ್ನಷ್ಟು ಸಾಂದ್ರವಾಗಿ ಜೀವಕೋಶಗಳ ನೀರನ್ನೇ ಹೊರಗೆಳೆಯುತ್ತದೆ. ಪಶ್ಚಿಮದ ಪಾರ್ಶ್ವ ಕರಟಿ ಪೂರ್ವದ ಪಾರ್ಶ್ವ ಹಸುರಾಗಿರುವ ಪೊದೆಗಳು ಅಲ್ಲಿ ಕಾಣುವುದು ಹೀಗೆ. ಕಾಪುವಿನವರು ಗಿಡವನ್ನು ಮನೆಯ ಪೂರ್ವಕ್ಕೆ, ಒಳನಾಡಿನ ಕೆಂಪುಮಣ್ಣು ತುಂಬಿದ ಚಟ್ಟಿಯಲ್ಲಿ ಬೆಳೆಸುವುದು ಕ್ಷೇಮ. ಕಾರ್ಕಳದಲ್ಲಿ ಈ ಎರಡು ಕಾಟಗಳೂ ಇಲ್ಲ. 1432ರ ಗೊಮ್ಮಟನು ನಿಂತಿರುವ ಬಂಡೆ ಕರಿಕಲ್ಲಿನದು. ಅದಕ್ಕೂ ಸುಣ್ಣದ ಸೋಂಕಿಲ್ಲ, ಸುತ್ತಣ ಮಣ್ಣು ಮುರಮಣ್ಣೇ. ಆದರೆ ಘಟ್ಟಕ್ಕೆ ಸಮೀಪವಾದುದರಿಂದ ಮಳೆ ಇನ್ನೂ ಬಲವಾದುದು; ಅಲ್ಲಿ ಎಚ್ಚರ ಬೇಕಾದುದು ಚಟ್ಟಿಯ ನೀರಿನ ವಿಷಯದಲ್ಲಿ.

ಕೊನೆಗೆ ಗುಡ್ಡೆಯ ಗಿಡವನ್ನೇ ಅಗೆದು ತರುವವರಿಗೆ ಒಂದು ಮಾತು. ಬಿರುಕಿನೊಳಗೆ ಆಳಕ್ಕಿಳಿದ ಬೇರನ್ನು ಗುದ್ದಲಿಯಿಂದ ಬಿಡಿಸುವುದೆಂದರೆ ಕಡಿಯುವುದೇ. ಹಾಗೆ ತಂದ ಗಿಡ ಬಹುಮಟ್ಟಿಗೆ ಬದುಕದು. ಇತ್ತ ಕಲ್ಲಿನ ಕೋರೆಗಳೂ ಕಟ್ಟಡಗಳೂ ಮಣಿಪಾಲದ ಪಾದೆಗಳನ್ನು ತಿನ್ನುತ್ತಲಿವೆ. ಉಳಿದ ಪೊದೆಗಳನ್ನು ನಾವೂ ಕೀಳುವುದು ಬೇಡ. ಗೆಲ್ಲು ಸಾಕು, ಬೀಜದಿಂದಲೂ ಬೆಳೆಸಬಹುದು. ಹೂವಿನ ಬಳಿಕ ಬಟಾಣಿಯಷ್ಟು ದೊಡ್ಡ ಹಣ್ಣುಗಳಾಗುತ್ತವೆ. ಕೆಂಪಾಗಿ, ಬಳಿಕ ಕಪ್ಪಗಾಗಿ ಮಾಗಿದವುಗಳನ್ನು ಆಯ್ದು, ತಿರುಳನ್ನು ತೊಳೆದು, ಒಣಗಲು ಬಿಡದೆ ಅಂದೇ ಬಿತ್ತಬೇಕು. ಆದರೆ ಪಿಕಳಾರ ಹಕ್ಕಿಗಳಿಗಿಂತ ಮೊದಲು ಎದ್ದು ಹೋಗಬೇಕಾಗುತ್ತದೆ. ಗುಡ್ಡೆಯಿಂದ ಗುಡ್ಡೆಗೆ ಕೇಪುಳವನ್ನು ಬಿತ್ತುತ್ತ ಬಂದಿರುವವು ಅವೇ.